ಕುಣಿಗಿಳಿಯುವ ಕಾಲು

೧೯೫೬ನೇ ಇಸವಿ ನವೆಂಬರ್ ಒಂದನೇ ತಾರೀಖು, ಗುರುವಾರ, ಮುಂಜಾನೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ಅಮೃತವ್ವನ ಬಲಗಾಲು ನೆಲ ಬಿಟ್ಟಿತು, ತಮ್ಮ ಅಂದಪ್ಪ ಸ್ಟಾಪ್‌ವಾಚಿನ ಗುಂಡಿ ಒತ್ತಿದ, ಮುಳ್ಳು ಹೊರಟಿತು — ಈಗ ಅಕ್ಕ ಎಡಗಾಲೊಂದರ ಮೇಲೆ ಕಣ್ಣು ಮುಚ್ಚಿಕೊಂಡು ನಿಂತಿದ್ದಾಳೆ, ಬೆಟಗೇರಿಯ ಈ ನೇಕಾರರ ಓಣಿಯಲ್ಲಿ ನಲವತ್ಮೂರು ವರ್ಷದ ಹೆಂಗಸೊಬ್ಬಳು ಬೆಳಗಿನ ಚಹಾಕ್ಕೂ ಮೊದಲು ಕೊಕ್ಕರೆಯ ಹಾಗೆ ನಿಂತದ್ದನ್ನು ಯಾರಾದರೂ ಕಿಟಕಿಯಿಂದ ಕಂಡರೆ ಏನೆಂದುಕೊಂಡಾರು, ಅಂದುಕೊಳ್ಳಲಿ, ಮೂವತ್ತು ಸೆಕೆಂಡು, ಬೇಕಾದದ್ದು ಅಷ್ಟೇ, ಮೂವತ್ತು ದಾಟಿದರೆ ಅಕ್ಕ ಇವತ್ತೇ ಮಗ್ಗದ ಕುಣಿಗೆ ಇಳಿಯುತ್ತಾಳೆ, ದಾಟದಿದ್ದರೆ ಮಗ್ಗ ಈ ಮನೆ ಬಿಟ್ಟು ಹೋಗುತ್ತದೆ, ಇಬ್ಬರೂ ಒಪ್ಪಿಯಾಗಿದೆ — ಎರಡು, ಮೂರು — ಮುಳ್ಳು ಸೆಕೆಂಡಿಗೆ ಐದು ಸಲ ಮಿಡಿಯುತ್ತದೆ, ಶಾಲೆಯ ಗಡಿಯಾರ, ಲೋಲಕದ ಪಾಠಕ್ಕೆಂದು ತರಿಸಿದ್ದು, ಹೆಡ್‌ಮಾಸ್ತರರಿಗೆ ಹೇಳಿಯೇ ಮನೆಗೆ ತಂದದ್ದು, ಇದು ಮನಿಗ್ಯಾಕ್ರೀ ಅಂದಪ್ಪ ಅಂದರು, ನಮ್ಮ ಅಕ್ಕನ ಕಾಲು ಅಳೀಬೇಕ್ರೀ ಸರ್ ಅಂದ, ಅವರು ಚಷ್ಮಾ ಇಳಿಸಿ ನೋಡಿದರು, ಕಾಲನ್ನ ಗಡಿಯಾರದಲೆ ಅಳೀತಾರೇನ್ರೀ, ಬಿ.ಎಸ್ಸಿ. ಒಳಗ ಹಂಗ ಕಲಿಸ್ತಾರೇನು — ನಾಲ್ಕು — ಅಕ್ಕನ ಕೈಗಳು ಎರಡೂ ಬದಿಗೆ ಚಾಚಿವೆ, ಬೆರಳು ಒಂದಿಷ್ಟೂ ಅಲುಗುತ್ತಿಲ್ಲ, ಅಲುಗಾಟವೆಲ್ಲ ಕೆಳಗೆ, ಕಣಕಾಲಿನ ಕೀಲಿನಲ್ಲಿ.

ಆ ಕೀಲು ಮೊದಲ ಸಲ ಉಳುಕಿದ್ದು ಕಾರಹುಣ್ಣಿಮೆಯ ಮರುದಿನ, ಅವನು ಶಾಲೆಗೆ ಹೊರಡಲು ಟೋಪಿ ಹುಡುಕುತ್ತಿದ್ದ, ಮಗ್ಗ ನಿಂತ ಸದ್ದಾಯಿತು, ಈ ಮನೆಯಲ್ಲಿ ಮಗ್ಗ ನಡೆಯುವ ಸದ್ದು ಯಾರಿಗೂ ಕೇಳಿಸುವುದಿಲ್ಲ, ನಿಂತದ್ದು ಕೇಳಿಸುತ್ತದೆ — ಕುಣಿ ಎರಡೂವರೆ ಅಡಿ ಆಳ, ಅಂಚಿಗೆ ಕೂತು ಕಾಲು ಒಳಗೆ ಇಳಿಬಿಟ್ಟು ಎರಡು ಹಲಗೆ ತುಳಿಯಬೇಕು, ಎಡ ತುಳಿದರೆ ಅರ್ಧ ಎಳೆ ಏಳುತ್ತವೆ, ಬಲ ತುಳಿದರೆ ಉಳಿದರ್ಧ, ನಡುವಿನ ಸಂದಿಯಲ್ಲಿ ಲಾಳಿ ಓಡುತ್ತದೆ, ಇಪ್ಪತ್ತನಾಲ್ಕು ವರ್ಷ ಅಕ್ಕ ಹೀಗೆ ತುಳಿದದ್ದು, ಒಮ್ಮೆಯೂ ತನ್ನ ಕಾಲನ್ನು ತಾನು ನೋಡಿದವಳಲ್ಲ, ನೋಡಿದರೂ ಕಾಣಲು ಅಲ್ಲಿ ಬೆಳಕಿಲ್ಲ. ಅವತ್ತು ಎದ್ದು ಮೇಲೆ ಬರುವಾಗ ಎಡಗಾಲಿಗೆ ಜೋಮು ಹಿಡಿದಿತ್ತು, ಪಾದ ಒಳಮಗ್ಗುಲಿಗೆ ಮಡಿಚಿಕೊಂಡಿತು, ಹಸಿ ಜೋಳದ ದಂಟು ಮುರಿದಂಥ ಸದ್ದು, ಆಮೇಲೆ ಅಕ್ಕನ ದನಿ, ಬಾರದ ನಗುವನ್ನು ತಂದುಕೊಂಡು, ಅಂದೂ, ಒಂದೀಟು ಬಾರೋ ಇಲ್ಲಿ. ಸಂಜೆಗೆ ಕೀಲಿನ ಸುತ್ತಳತೆ ಹತ್ತೂವರೆ ಅಂಗುಲ, ಬಲಗಾಲಿನದು ಎಂಟೂಕಾಲು. ಕುರ್ತಕೋಟಿಯಿಂದ ಬಂದ ನಾಟಿ ವೈದ್ಯ ಹೆಬ್ಬೆಟ್ಟಿನಿಂದ ಒತ್ತಿ ಒತ್ತಿ ನೋಡಿದ, ಎಲುಬು ಗಟ್ಟಿ ಐತ್ರೀ, ನರ ಹಿಗ್ಗ್ಯಾವ, ಎಂಟ್ಹತ್ತು ದಿನ ಭಾರ ಹಾಕಬ್ಯಾಡ್ರಿ ಅಷ್ಟ, ಎಂದು ಹೋದ. ಎಂಟ್ಹತ್ತು ದಿನ ಸಾಲದೆಂದವನು ಅಂದಪ್ಪನೇ. ಹಿಗ್ಗಿದ ತಂತಿಯಿಂದ ಭಾರ ತೆಗೆಯಬೇಕು, ಎಷ್ಟು ಹೆಚ್ಚು ದಿನ ತೆಗೆದರೆ ಅಷ್ಟು ಒಳ್ಳೆಯದು, ತರಗತಿಯಲ್ಲಿ ತಂತಿಗೆ ತೂಕ ಕಟ್ಟಿ ತೋರಿಸುವವನಿಗೆ ಇದು ಗೊತ್ತಿಲ್ಲವೇ, ನಲವತ್ತು ದಿನ ಅಕ್ಕನನ್ನು ಹೊರಸಿನ ಮೇಲೆ ಕೂಡಿಸಿದ, ನೀರಿನ ತಂಬಿಗೆಯನ್ನೂ ತಾನೇ ತಂದು ಕೊಟ್ಟ, ಅಕ್ಕ ಬೈದಳು, ಆಮೇಲೆ ಕಲಿತವನು ನೀನು ಅಂದಳು. ನಲವತ್ತೊಂದನೆಯ ದಿನ ಬಚ್ಚಲಿನಿಂದ ಅಡಿಗೆಮನೆಗೆ ಬರುವ ಹತ್ತು ಹೆಜ್ಜೆಯಲ್ಲಿ, ಕಲ್ಲಿಲ್ಲ ಕುಣಿಯಿಲ್ಲ, ಬರೇ ಸಾರಿಸಿದ ನೆಲ, ಕಾಲು ಮತ್ತೆ ಉಳುಕಿತು. ತಂತಿ ಕೆಲಸವಿಲ್ಲದೆ ಕೂತರೆ ಸೊರಗುವುದಿಲ್ಲ, ಕಾಲು ಸೊರಗುತ್ತದೆ, ಅದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ — ಅಳೆದು ನೋಡಿದರೆ ಎಡ ಮೀನಖಂಡ ಬಲದಕ್ಕಿಂತ ಒಂದು ಅಂಗುಲ ಸಣ್ಣದಾಗಿತ್ತು, ಅಳತೆಯ ಪಟ್ಟಿ ಹಿಡಿದುಕೊಂಡು ಅವನು ಅಲ್ಲೇ ಕೂತುಬಿಟ್ಟ, ಅಕ್ಕ ನೋವಿನಲ್ಲೂ ಅವನ ತಲೆ ಸವರಿದಳು, ನನಗ ಉಳುಕಿದ್ರ ನೀ ಯಾಕ ಅಳತೀಯೋ, ಮೋತಿ ತೊಳಕೋ ಹೋಗು, ಶಾಲಿಗೆ ಹೊತ್ತಾತು.

ಎಂಟು, ಒಂಬತ್ತು — ಸೊಂಟ ತುಸು ಎಡಕ್ಕೆ ವಾಲಿತು, ಸರಿಯಾಯಿತು, ಕೆಂಪು ಮಣ್ಣಿನಲ್ಲಿ ಕಿರುಬೆರಳು ಊರಿಕೊಂಡಿತು — ಈ ಮಣ್ಣು ಯಮನೂರಸಾಬರು ತಲೆಯ ಮೇಲೆ ಹೊತ್ತು ತಂದದ್ದು. ಮುಂಡರಗಿಯವರು, ಈಗ ಇಪ್ಪತ್ತು ವರ್ಷದಿಂದ ಬೆಟಗೇರಿಯಲ್ಲೇ ಗರಡಿಮನೆ ನಡೆಸುತ್ತಾರೆ, ಹುಡುಗರಿಗೆಲ್ಲ ಉಸ್ತಾದರು, ಮೊಮ್ಮಗನ ಗಣಿತದ ವಿಷಯ ಕೇಳಲು ಬಂದವರು ಹೊರಸಿನ ಮೇಲೆ ಕೂತ ಅಕ್ಕನ ಕಾಲು ಕಂಡರು, ಇದೇನ್ ತಂಗೆವ್ವ, ಎಷ್ಟ್ ದಿನಾತು ಎಂದರು, ಐವತ್ತು ದಿನ ಎಂದಾಗ ಅಂದಪ್ಪನ ಕಡೆ ತಿರುಗಿ ನೋಡಿದ ನೋಟ ಅವನಿಗೆ ಇನ್ನೂ ನೆನಪಿದೆ, ಮಾಸ್ತರ, ಬಾವು ಇಳಿಯೋತನಕ ಸುಮ್ನ ಕುಂಡ್ರಸ್ರಿ, ಖರೆ, ಆಮ್ಯಾಲ ದಿನಾ ಒಂದೀಟು ಕೆಲಸ ಕೊಡ್ರಿ, ನನ್ನ ಕಾಲು ನೋಡ್ರಿ, ಎರಡು ಸಲ ತಿರುಗೇತಿ, ಒಮ್ಮೆ ಲಕ್ಷ್ಮೇಶ್ವರದ ಕುಸ್ತ್ಯಾಗ, ಒಮ್ಮೆ ಮನಿ ಹೊಸ್ತಿಲದಾಗ, ಎಂದು ಎಪ್ಪತ್ತರ ಹತ್ತಿರದ ಮನುಷ್ಯ ಧೋತರ ಎತ್ತಿ ಹಿಡಿದು ಒಂಟಿಗಾಲಿನಲ್ಲಿ ನಿಂತೇ ಇಡೀ ಲೋಟ ಚಹಾ ಕುಡಿದರು. ಗರಡಿಯೊಳಗೆ ಹೆಣ್ಣುಮಕ್ಕಳು ಹೋಗುವಂತಿಲ್ಲ, ಹಾಗಾದರೆ ಗರಡಿಯೇ ಬರಲಿ ಎಂದು ಮರುದಿನ ಬುಟ್ಟಿ ಹೊತ್ತು ಬಂದರು, ಎಣ್ಣೆ, ಮಜ್ಜಿಗೆ, ಅರಿಷಿಣ ಕುಡಿಸಿ ವರ್ಷಗಟ್ಟಲೆ ಅಗೆದು ಅಗೆದು ಹದಮಾಡಿದ ಮಣ್ಣು, ಪಡಸಾಲೆಯ ಮೂಲೆಯಲ್ಲಿ ಇಟ್ಟಿಗೆ ಕಟ್ಟಿ ಮೂರು ಅಂಗುಲ ದಪ್ಪಕ್ಕೆ ಸುರಿದು, ಚಪ್ಪಲಿ ಹಾಕ್ಕೊಂಡು ಯಾರೂ ಹತ್ತಬಾರದು, ಹತ್ತೋಮೊದಲ ಮುಟ್ಟಿ ಹಣಿಗೆ ಹಚ್ಚಬೇಕು, ಎಂದು ಹೇಳಿ, ತಾವೇ ಮೊದಲು ಮುಟ್ಟಿ ಹಚ್ಚಿದರು. ಸಾರಿಸಿದ ನೆಲ ಸುಳ್ಳು ಹೇಳತೈತಿ ಮಾಸ್ತರ, ಮಣ್ಣು ಅಲ್ಲಾಡಿದ್ರನ ಕಾಲು ಎಚ್ಚರ ಆಗತೈತಿ. ಅಂದಪ್ಪನಿಗೆ ಆ ಮಾತು ಮೊದಲು ತಲೆಗೆ ಹೋಗಲಿಲ್ಲ, ಆಮೇಲೆ ಪುಸ್ತಕ ತೆರೆದು ನೋಡಿದ, ಕೀಲಿನಲ್ಲಿ ಸಣ್ಣ ಸಣ್ಣ ನರತುದಿಗಳಿವೆ, ಪಾದ ಎಷ್ಟು ವಾಲಿದೆ ಎಂಬ ಸುದ್ದಿಯನ್ನು ಅವು ಮೇಲಕ್ಕೆ ಮುಟ್ಟಿಸುತ್ತವೆ, ಉಳುಕಿದಾಗ ಅವೂ ಮಂಕಾಗುತ್ತವೆ, ಮತ್ತೆ ಮತ್ತೆ ಕೇಳಿದರೆ ಮಾತ್ರ ಹೇಳಲು ಕಲಿಯುತ್ತವೆ, ಉಸ್ತಾದರು ಹೇಳಿದ್ದೂ ಅದೇ.

ಹದಿಮೂರು — ಆಗಸ್ಟಿನಿಂದ ಅಕ್ಟೋಬರ್ ತನಕ ದಿನಾ ಎರಡು ಹೊತ್ತು. ಗೋಡೆಗೆ ಪಾದದ ಹೊರಮಗ್ಗುಲು ಒತ್ತಿ ಹತ್ತು ಎಣಿಸುವುದು, ಒಳಮಗ್ಗುಲು ಒತ್ತಿ ಹತ್ತು, ನೆಲದ ಮೇಲೆ ಚೆಲ್ಲಿದ ನೂಲಿನ ತುಂಡುಗಳನ್ನು ಕಾಲ್ಬೆರಳಲ್ಲಿ ಎತ್ತಿ ಡಬ್ಬಿಗೆ ಹಾಕುವುದು, ಹೊಸ್ತಿಲ ಮೇಲೆ ತುದಿಗಾಲಲ್ಲಿ ಏಳುವುದು, ಮೆಲ್ಲಗೆ, ತೀರಾ ಮೆಲ್ಲಗೆ ಇಳಿಯುವುದು, ಅಂದಪ್ಪ ಗೋಡೆಗೆ ಗ್ರಾಫ್ ಹಾಳೆ ಅಂಟಿಸಿದ, ದಿನಕ್ಕೊಂದು ಚುಕ್ಕೆ, ನಿನಗೊಂದು ಹೆಣ್ಣು ನೋಡೋಣಂದ್ರ ನನ್ನ ಮೀನಖಂಡ ಅಳಕೋತ ಕುಂತೀಯಲ್ಲೋ, ಬೀಗರು ಬಂದ್ರ ಈ ಹಾಳಿ ತೋರಿಸಿ ಏನಂತ ಹೇಳಲಿ, ಅಕ್ಕನ ಗೇಲಿ. ಒಂದು ದಿನ ಅವನು ಹೊರಸಿನ ಮೇಲೆ ಕೂಡಿಸಿ, ಹೆಬ್ಬೆರಳಿಂದ ಗಾಳಿಯಲ್ಲಿ ಅಕ್ಷರ ಬರಿ ಅಕ್ಕಾ, ಅ ಆ ಇ ಈ, ಕೀಲು ಎಲ್ಲಾ ದಿಕ್ಕಿಗೂ ತಿರುಗುತ್ತದೆ, ಹಾಗೇ ಓದೂ ಬಂದೀತು ಎಂದ, ತನ್ನ ಜಾಣತನಕ್ಕೆ ತಾನೇ ಹಿಗ್ಗಿದ್ದ, ಅಕ್ಕ ಕಾಲು ಮಡಿಚಿಕೊಂಡುಬಿಟ್ಟಳು. ಅಕ್ಷರನ ಕಾಲಿಂದ ಬರೀತಾರೇನೋ? ಪುಸ್ತಕಕ್ಕ ಕಾಲು ತಾಗಿದ್ರ ಕಣ್ಣಿಗೊತ್ಕೋ ಅಂತ ನಿನಗ ಕಲಿಸಿದಾಕಿ ನಾನು. ಅವನು ನಾಲಿಗೆ ಕಚ್ಚಿಕೊಂಡ. ಅವಳೇ ಕಾಲು ಮತ್ತೆ ಚಾಚಿ ಅಂದಳು, ದಾರಿ ಬರೀತೀನಿ ತಗೋ, ಶಿರಹಟ್ಟಿ ದಾರಿ, ದಾರಿಗೆ ಕಾಲು ಹಚ್ಚಿದ್ರ ಯಾರೂ ಬೈಯೂದಿಲ್ಲ. ಹದಿನೇಳನೆಯ ವರ್ಷಕ್ಕೆ ಮದುವೆಯಾಗಿ ಆ ದಾರಿಯಲ್ಲಿ ಹೋದವಳು, ಎರಡು ವರ್ಷದಲ್ಲಿ ಗಂಡನನ್ನು ಕಳಕೊಂಡು ಅದೇ ದಾರಿಯಲ್ಲಿ ಬಂದವಳು, ಬಂದಾಗ ತಾಯಿಯಿಲ್ಲದ ಮೂರು ವರ್ಷದ ತಮ್ಮ ಬಾಗಿಲಲ್ಲಿ ಕೂತಿದ್ದ, ಈಗ ಹೆಬ್ಬೆರಳು ಬೆಟಗೇರಿ ಬಿಟ್ಟಿತು, ಇದು ಸ್ಟೇಷನ್ನು, ಇದು ಗದಗಿನ ಪ್ಯಾಟಿ, ಈಗ ಎರೆಹೊಲ, ನೆಟ್ಟಗ ಹೋಗತೈತಿ, ಇಲ್ಲಿ ಹಳ್ಳ, ಪಾದ ಕೆಳಗಿಳಿಯಿತು, ಹತ್ತಿತು, ಎಡಕ್ಕ ಕಪ್ಪತಗುಡ್ಡ, ಪಾದ ಹೊರಕ್ಕೆ ತಿರುಗಿತು, ಇಲ್ಲಿ ಬಂಡಿ ಎತ್ತಿಗೆ ನೀರು ಕುಡಿಸ್ತಾರ, ಇಲ್ಲಿ ನಿಂದ್ರಬೇಕು, ನಿಂತಿತು. ಸಂಸ್ಥಾನದ ಗಡಿ ಎಲ್ಲಿ ಬರತಿತ್ತಕ್ಕಾ ಎಂದು ಅವನು ಕೇಳಿದ, ಆಗ ಗದಗು ಮುಂಬಯಿ ಇಲಾಖೆ, ಶಿರಹಟ್ಟಿ ಸಾಂಗಲಿಯವರದು, ಮುಂದೆ ಲಕ್ಷ್ಮೇಶ್ವರ ಮಿರಜದವರದು, ಒಂದು ದಿನದ ಬಂಡಿ ಹಾದಿಯಲ್ಲಿ ಮೂರು ಸರಕಾರ, ಯಾರಿಗ್ಗೊತ್ತೋ, ನನ್ನ ಮುಖ ತುಂಬ ಸೆರಗಿತ್ತು, ಗಡಿ ಅಂತ ಎತ್ತು ಎಲ್ಲೂ ನಿಲ್ಲಲಿಲ್ಲ, ಅಂದಳು ಅಕ್ಕ. ಆ ಮೂರೂ ಎಂಟು ವರ್ಷದ ಹಿಂದೆಯೇ ಮುಂಬಯಿಗೆ ಸೇರಿದ್ದವು, ಇವತ್ತಿನಿಂದ ಕನ್ನಡದವರೆಲ್ಲರದೂ ಒಂದೇ ರಾಜ್ಯ, ಎಂಟು ಗಂಟೆಗೆ ಅವನು ಮಕ್ಕಳನ್ನು ಸಾಲು ಹಿಡಿಸಿ ಮೆರವಣಿಗೆಗೆ ಒಯ್ಯಬೇಕು, ಬಿಳಿ ಅಂಗಿಗೆ ಇನ್ನೂ ಇಸ್ತ್ರಿಯಾಗಿಲ್ಲ.

ಹದಿನೇಳು, ಹದಿನೆಂಟು — ತುಟಿ ಬಿಗಿದಿದ್ದಾಳೆ, ಮಾತಾಡಲು ಮನಸ್ಸಿದೆ, ಮಾತಾಡಿದರೆ ತೂಕ ತಪ್ಪುತ್ತದೆಂದು ಅವನೇ ಹೆದರಿಸಿದ್ದಾನೆ — ಈ ಮೂವತ್ತರ ಕಟ್ಟು ಬಂದದ್ದು ಅಕ್ಕತಮ್ಮನ ಒಂದು ಜಗಳದಿಂದ. ಮೂರು ವಾರದ ಹಿಂದೆ ಮಗ್ಗದ ಯಜಮಾನ ಹೇಮಪ್ಪನವರು ಬಂದು ಹೋಗಿದ್ದರು, ಒಳ್ಳೆಯವರೇ, ದನಿ ಏರಿಸಲಿಲ್ಲ, ಅಮೃತವ್ವ, ನಾಲ್ಕು ತಿಂಗಳಾತು ಮಗ್ಗ ನಿಂತು, ಮುಂಡರಗಿಯಿಂದ ಒಂದು ಕುಟುಂಬ ಬಂದು ಕುಂತೈತಿ, ದೀಪಾವಳಿ ಪಾಡ್ಯಕ್ಕ ಸಪ್ಪಳ ಕೇಳಿದ್ರ ಮಗ್ಗ ನಿಂದ, ಇಲ್ಲಂದ್ರ ಬಿಚ್ಚಿಸಿ ಒಯ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಅಕ್ಕ ಹ್ಞೂಂ ಅಂದಳು. ಅದಾಗಿ ಐದು ದಿನಕ್ಕೆ, ಮಗ್ಗದ ಮೇಲೆ ಅರ್ಧಕ್ಕೇ ನಿಂತ ಸೀರೆಯ ಮುಂದೆ ಸುಮ್ಮನೆ ಕೂತಿದ್ದ ಅಂದಪ್ಪನಿಗೆ ಬಟ್ಟೆಯಲ್ಲಿ ಏನೋ ಕಂಡಿತು, ಭೂತಗನ್ನಡಿ ತಂದ, ನೋಡಿದ, ಜೂನ್ ತಿಂಗಳಲ್ಲಿ ನಿಂತಲ್ಲಿಂದ ಮುಂದೆ ನಾಲ್ಕು ಬೆರಳು ಹೊಸ ನೇಯ್ಗೆ, ಅದರಲ್ಲಿ ಒಂದು ಬಿಟ್ಟು ಒಂದು ಎಳೆ ಸಡಿಲ, ದಡಿಯ ಹತ್ತಿರ ಲಾಳಿ ಮೂರು ಮೂರು ಎಳೆ ಬಿಟ್ಟು ದಾಟಿದೆ, ಅಂದರೆ ಒಂದು ಹಲಗೆ ಪೂರ್ತಿ ಇಳಿದಿದೆ, ಇನ್ನೊಂದು ಅರ್ಧ ಮಾತ್ರ, ಎಡಗಾಲು — ಅವನು ಶಾಲೆಗೆ ಹೋದಾಗ ಅಕ್ಕ ಕದ್ದು ಕುಣಿಗೆ ಇಳಿದಿದ್ದಾಳೆ, ನೋವಿನ ಕಾಲನ್ನು ಎಷ್ಟು ತುಳಿಯಲಾಯಿತೋ ಅಷ್ಟು ತುಳಿದಿದ್ದಾಳೆ, ಹೇಗೆ ಹತ್ತಿ ಮೇಲೆ ಬಂದಳೋ. ಭೂತಗನ್ನಡಿ ಹಿಡಿದುಕೊಂಡೇ ಅಡಿಗೆಮನೆಗೆ ಹೋದ, ನೇಯ್ದೀಯಲ್ಲಕ್ಕಾ, ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಹೌದೋ ನೇಯ್ದೆ, ಬಟ್ಟಿ ಹೇಳಿತೇನು, ಹೇಳತೈತಿ, ಅದು ಯಾರ ಮಾತೂ ಮುಚ್ಚಿಡೂದಿಲ್ಲ. ಅವನು ಕೂಗಾಡಿದ, ಇಷ್ಟು ವರ್ಷದಲ್ಲಿ ಮೊದಲ ಸಲ, ಯಾಕ ಬೇಕಕ್ಕಾ, ನಾ ದುಡೀತೀನಿ, ಇನ್ನ ಕುಂತು ಉಣ್ಣು. ಅಕ್ಕ ಹಿಟ್ಟಿನ ಕೈ ಸೊಂಟಕ್ಕಿಟ್ಟು, ಮಗ್ಗದಾಗ ನಾ ಏನ್ ನಿಂತು ನೇಯ್ತೀನೇನೋ, ಎಂದು ನಕ್ಕುಬಿಟ್ಟಳು, ಆಮೇಲೆ ನಗು ನಿಂತಿತು, ಹೊರಸಿನ ಮ್ಯಾಲ ಕುಂತ ನಲವತ್ತು ದಿನ ನೀ ನನಗ ಏನೂ ಕಡಿಮಿ ಮಾಡಲಿಲ್ಲ ಅಂದೂ, ಆದ್ರ ಮುಂಜಾನೆ ಎದ್ದು ನಾ ಯಾರಂತ ನನಗ ತಿಳೀತಿರಲಿಲ್ಲ. ಉಸ್ತಾದರೇ ಪಂಚಾಯಿತಿ ಮಾಡಿದರು, ನಮ್ಮ ಹುಡುಗೋರು ಉಳುಕಿದ ಕಾಲಿನ ಮ್ಯಾಲ ಕಣ್ಣು ಮುಚ್ಚಿ ಮೂವತ್ತು ಎಣಿಸೋತನಕ ನಿಂತ್ರ ಕುಸ್ತಿ, ಇಲ್ಲಂದ್ರ ಇಲ್ಲ, ಕುಣ್ಯಾಗ ಕಣ್ಣಿಗೆ ಕೆಲಸಿಲ್ಲ, ಅಲ್ಲಿ ಕಾಲಿಗೆ ಕಾಲೇ ದಿಕ್ಕು, ತಂಗೆವ್ವ ಮೂವತ್ತು ನಿಂತ್ರ ನೀವು ಬಾಯಿ ಮುಚ್ಚಬೇಕು ಮಾಸ್ತರ, ನಿಲ್ಲದಿದ್ರ ಆಕಿ ಮಗ್ಗ ಬಿಡಬೇಕು. ಇಬ್ಬರೂ ಮಣ್ಣು ಮುಟ್ಟಿದರು.

ಇಪ್ಪತ್ತೆರಡು — ನಿನ್ನೆಯ ಚುಕ್ಕೆ ಇಪ್ಪತ್ತಾರಕ್ಕಿದೆ, ಮೊನ್ನೆಯದು ಇಪ್ಪತ್ತನಾಲ್ಕು, ರೇಖೆ ಎಳೆದು ನೋಡಿದರೆ ಇವತ್ತಿಗೆ ಇಪ್ಪತ್ತೆಂಟು ಬರಬೇಕು, ಮೂವತ್ತಕ್ಕೆ ಎರಡು ಕಡಿಮೆ, ಈ ಲೆಕ್ಕವನ್ನು ಅವನು ಅಕ್ಕನಿಗೆ ಹೇಳಿಲ್ಲ, ಹೇಳದೆ ಒಳಗೊಳಗೇ ಹಗುರಾಗಿದ್ದಾನೆ, ಅದು ಅವನಿಗೇ ನಾಚಿಕೆ — ಇಪ್ಪತ್ಮೂರು — ಹೊರಗೆ ಢಂ ಎಂದು ಪಟಾಕಿ ಸಿಡಿಯಿತು, ದೀಪಾವಳಿಯದೋ ರಾಜ್ಯದ್ದೋ, ಅಕ್ಕನ ಮೈ ಬೆಚ್ಚಿತು, ಎತ್ತಿದ ಮೊಣಕಾಲು ಜೋಲಿ ಹೊಡೆಯಿತು, ಎಡ ಪಾದ ಒಳಮಗ್ಗುಲಿಗೆ ಮಡಿಚತೊಡಗಿತು, ಎರಡೂ ಸಲ ಮಡಿಚಿದ ಅದೇ ಮಗ್ಗುಲು, ಅಂದಪ್ಪ ಹಿಡಿಯಲು ಕೈ ಚಾಚಿದ, ಮುಟ್ಟಿದರೆ ಮುಗಿಯಿತು, ಮುಟ್ಟದಿದ್ದರೆ ಬೀಳುತ್ತಾಳೆ — ಅಷ್ಟರಲ್ಲಿ ಪಾದದ ಮೇಲೆ ನಾಲ್ಕು ನರ ಎದ್ದವು, ಮಗ್ಗದ ಬಾಚಣಿಗೆಯಂಥ ಫಣಿಯ ಮುಂದೆ ಬಿಗಿದ ಎಳೆಗಳ ಹಾಗೆ, ಹೊರಗಿನದು ಜಗ್ಗಿತು, ಕಣಕಾಲಿನ ಹಿಂದೆ ಏನೋ ಗಟ್ಟಿಯಾಯಿತು, ಪಾದ ಮಣ್ಣಿಗೆ ಮರಳಿ ಚಪ್ಪಟೆಯಾಯಿತು. ಅವಳು ಮಾಡಿದ್ದಲ್ಲ ಅದು, ಅವಳಿಗೆ ಗೊತ್ತಾಗುವ ಮೊದಲೇ ಕಾಲು ಮಾಡಿತು. ಇಪ್ಪತ್ತಾರು. ಅಂದಪ್ಪ ಕೈ ಹಿಂದಕ್ಕೆ ತಗೊಂಡ, ಯಾರದಾ ಹಾಳ ಪಟಾಕ್ಷಿ, ಎಂದಳು ಅಕ್ಕ, ಕಣ್ಣು ತೆರೆಯದೆ, ಮಾತಾಡಬ್ಯಾಡಕ್ಕಾ, ಇಪ್ಪತ್ತೇಳು.

ಇಪ್ಪತ್ತೊಂಬತ್ತು, ಮೂವತ್ತು, ಮುಳ್ಳು ದಾಟಿತು, ಆತು ಅನ್ನಬೇಕು, ಅವನು ಅನ್ನಲಿಲ್ಲ — ಅಂದರೆ ಅವಳು ನೇರ ಹೋಗಿ ಕುಣಿಗೆ ಇಳಿಯುತ್ತಾಳೆ, ಸೆರಗು ಸಿಗಿಸಿಕೊಂಡು, ಚಹಾ ಕೂಡ ಕುಡಿಯದೆ, ಮತ್ತೆ ಇಪ್ಪತ್ತು ವರ್ಷ ಆ ಕತ್ತಲೆಯಲ್ಲಿ ಕಾಲು, ಅವನು ಶಾಲೆಯಲ್ಲಿ ಪಾಠ ಹೇಳುತ್ತಾ ದಿನಾ ಹತ್ತು ಸಲ ದಂಟು ಮುರಿದ ಆ ಸದ್ದನ್ನು ಕೇಳಿಸಿಕೊಳ್ಳಬೇಕು, ಧಾರವಾಡದ ಕಾಲೇಜಿಗೆ ತನ್ನನ್ನು ಕಳಿಸಿದ್ದು ಈ ಕಾಲೇ, ಅದಕ್ಕೆ ಒಂದಿಷ್ಟು ವಿಶ್ರಾಂತಿ ಕೊಡಲಾರನೇ — ಮೂವತ್ನಾಲ್ಕು — ಅವಳ ಕಣ್ಣು ಮುಚ್ಚಿದೆ, ತೆರೆದಿದ್ದರೂ ಈ ಮುಳ್ಳನ್ನು ಓದಲು ಬಾರದು, ಗುಂಡಿಯನ್ನು ಇನ್ನೆರಡು ಸಲ ಒತ್ತಿದರೆ ಮುಳ್ಳು ಸೊನ್ನೆಗೆ ಹೋಗಿ ಕೂಡುತ್ತದೆ, ಗುರುತೂ ಉಳಿಯುವುದಿಲ್ಲ, ಇಪ್ಪತ್ತೆಂಟು ಎಂದರಾಯಿತು, ರೇಖೆಯೂ ಇಪ್ಪತ್ತೆಂಟೇ ಹೇಳಿತ್ತು, ಅಕ್ಕ ನಂಬುತ್ತಾಳೆ, ಕಲಿತವನು ನೀನು ಅನ್ನುತ್ತಾಳೆ, ಮಗ್ಗ ಬಿಚ್ಚಿ ಹೋಗುವಾಗ ಬಾಗಿಲಲ್ಲಿ ನಿಂತು ನೋಡುತ್ತಾಳೆ, ನಾಳೆ ಮುಂಜಾನೆ ಎದ್ದು — ಮೂವತ್ತೆಂಟು — ಪಾದದ ಮೇಲೆ ಆ ನಾಲ್ಕು ನರ ಏಳುತ್ತವೆ, ಇಳಿಯುತ್ತವೆ, ಒಂದು ಬಿಟ್ಟು ಒಂದು, ಒಂದೂ ಸಡಿಲ ಇಲ್ಲ — ನಲವತ್ತು — ಅಂದೂ, ಆತೇನೋ, ನಾಲ್ಕು ನರ, ಹೊರಗಿನದು ಮೊದಲು, ಆಮೇಲೆ ಅದರ ಪಕ್ಕದ್ದು, ಲೇ, ಹೇಳೋ, ಕಾಲು ಉರಿಯಾಕ ಹತ್ತೈತಿ, ಅಕ್ಕನ ಬಲಗಾಲು ಮೆಲ್ಲಗೆ ಮಣ್ಣಿಗಿಳಿಯಿತು, ಬೀಳಲಿಲ್ಲ, ಇಳಿಯಿತು, ಅವನು ಗುಂಡಿ ಒತ್ತಿದ, ಮುಳ್ಳು ನಿಂತಿತು, ಅವಳು ಕಣ್ಣು ತೆರೆದು ಅವನ ಮುಖ ನೋಡಿದಳು, ಗಡಿಯಾರವನ್ನಲ್ಲ, ಎಷ್ಟಾತೋ, ನಿನ್ನ ಮೋತಿ ಯಾಕ ಹಂಗಾಗೇತಿ, ಮೂವತ್ತು ಆಗಲಿಲ್ಲೇನು, ಆಗಲಿಲ್ಲಂದ್ರ ಇಲ್ಲ ಅನ್ನು, ನನಗೇನು ಬ್ಯಾಸರಿಲ್ಲ, ಅವನು ತಲೆ ತಗ್ಗಿಸಿದ, ಎರಡೂ ಕಾಲು ಊರಿದ್ದರೂ ಎಡ ಪಾದದ ಮೇಲೆ ನಾಲ್ಕು ನರ ಇನ್ನೂ ಮಿಡಿಯುತ್ತಿದ್ದವು, ನಾಲ್ಕು ನರ, ಬಿಗಿಯಾಗಿ, ಒಂದರ ಪಕ್ಕ ಒಂದು.

ನಲವತ್ಮೂರು ಸೆಕೆಂಡು, ಅಂದ.